ಇನ್ನೂ ಇಪ್ಪತ್ನಾಲ್ಕು ಕಿಲೋಮೀಟರ್

ಸಂಡೂರು ಘಾಟಿಯ ಅರ್ಧ ಏರಿನಲ್ಲಿ ಕಾರು ಎರಡು ಸಲ ಕುಲುಕಿ ನಿಂತೇಬಿಟ್ಟಿತು. ಮಾರೇಶ ಕೀಲಿ ತಿರುಗಿಸಿದ, ಮತ್ತೆ ತಿರುಗಿಸಿದ. ಎಂಜಿನ್ ಕೆಮ್ಮಿತೇ ಹೊರತು ಹತ್ತಲಿಲ್ಲ.

"ಪೆಟ್ರೋಲ್ ಮುಗದೈತ್ರಿ," ಎಂದಳು ಅವನ ಹೆಂಡತಿ ಅನುಸೂಯಾ.

"ಹೆಂಗ ಮುಗೀತೈತಿ? ನೋಡಿಲ್ಲಿ, ಇನ್ನೂ ಇಪ್ಪತ್ನಾಲ್ಕು ಕಿಲೋಮೀಟರ್ ಓಡ್ತೈತಂತ ತೋರ್ಸಾಕತ್ತೈತಿ!"

ಅನುಸೂಯಾಳ ಮೈಯೆಲ್ಲ ಉರಿಯಿತು. ಹೊಸಪೇಟೆ ದಾಟುವಾಗ ಬಂಕಿನ ಮುಂದೆ "ಹಾಕಿಸ್ರಿ" ಎಂದು ಎರಡು ಸಲ ಹೇಳಿದ್ದಳು. "ಅರವತ್ತು ಐತಿ, ಸಂಡೂರು ಮೂವತ್ತು. ಲೆಕ್ಕದ ಟೀಚರ್ ಆಗಾಕ ಹೊಂಟಿ, ಇಷ್ಟು ಲೆಕ್ಕ ಬರಲ್ಲೇನು?" ಎಂದು ನಕ್ಕಿದ್ದ.

ಆ ಅರವತ್ತು ಹೇಗೆ ಬಂತು ಎಂಬುದು ಅವಳಿಗೆ ಗೊತ್ತು. ನಿನ್ನೆ ಸಂಜೆ ಇದೇ ಘಾಟಿಯನ್ನು ನ್ಯೂಟ್ರಲ್‌ನಲ್ಲಿ ಇಳಿಸಿಕೊಂಡು ಬಂದು, ಲೀಟರಿಗೆ ಇಪ್ಪತ್ತೆಂಟು ಎಂದು ತೋರಿಸಿದ ಪರದೆಯ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿಕೊಂಡಿದ್ದ ಮಹಾಶಯ. ಇಳಿಜಾರಿನ ಮೈಲೇಜು ನಂಬಿ ಕಾರು ಲೆಕ್ಕ ಹಾಕಿತ್ತು. ಕಾರನ್ನು ನಂಬಿ ಇವನು. ಹೆಂಡತಿಯ ಮಾತಿಗೆ ಮಾತ್ರ ಮೂರು ಕಾಸಿನ ಕಿಮ್ಮತ್ತಿಲ್ಲ!

ಹತ್ತು ಗಂಟೆಗೆ ಸಂಡೂರಿನ ಶಾಲೆಯಲ್ಲಿ ಸಂದರ್ಶನ. ತಡವಾದರೆ ಒಳಗೆ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ, ಗಂಡನ ಬಾಯಿಂದ ಹೂಂ ಅನ್ನಿಸಿಕೊಂಡು ಹಾಕಿದ ಅರ್ಜಿ ಅದು. ಈಗ ಒಂಬತ್ತು ಇಪ್ಪತ್ತು.

"ಬಂಕ್ ಕಂಡಾಗ್ಲೇ ಪೆಟ್ರೋಲ್ ಪೆಟ್ರೋಲ್ ಅಂತ ಅಪಶಕುನ ನುಡದಿ. ಹಿಂಗಾತು ನೋಡು," ಎಂದ ಮಾರೇಶ.

"ಹೌದ್ರಿ, ನಿಮ್ ಪೆಟ್ರೋಲ್ ನಾನ ಕುಡದೀನಿ!"

ಫೈಲು ಎತ್ತಿಕೊಂಡು, ಬಾಗಿಲು ಧಡಾರನೆ ಹಾಕಿ ಇಳಿದಳು. ಅದಿರು ತುಂಬಲು ಹೊರಟ ಖಾಲಿ ಲಾರಿಯೊಂದು ಏರು ಹತ್ತುತ್ತಿತ್ತು. ನಡುರಸ್ತೆಗೆ ಹೋಗಿ ಕೈ ಅಡ್ಡ ಹಿಡಿದಳು. ಬಿಳಿಮೀಸೆಯ ಡ್ರೈವರ್ ಓಬಳಪ್ಪ ನಿಲ್ಲಿಸಿದ.

ಮಾರೇಶ ಓಡಿಬಂದು ನೀರಿನ ಖಾಲಿ ಬಾಟಲಿಯನ್ನು ಅವಳ ಕೈಗೆ ತುರುಕಿದ. "ಮೊದ್ಲ ಸಿಕ್ಕ ಬಂಕಿನ್ಯಾಗ ಇಳಿದು ತುಂಬ್ಸಿ, ಯಾರ ಕೈಯಾಗರ ಕಳಸು. ಬಿಸಿಲಾಗ ನಾ ಎಷ್ಟೊತ್ತು ನಿಂದ್ರಲಿ? ಸಾಲಿ ಆಮ್ಯಾಲೆ ನೋಡಿದ್ರಾತು."

ಅವಳು ಬಾಟಲಿ ಹಿಡಿದೇ ಲಾರಿ ಹತ್ತಿ ಕೂತಳು. ಲಾರಿ ಹೊರಟಿತು.

ಸಂಡೂರಿನ ಹೊರಗೆ ಬಂಕು ಕಂಡಾಗ ಒಂಬತ್ತು ಐವತ್ತು. ಓಬಳಪ್ಪ ಬ್ರೇಕಿನ ಮೇಲೆ ಕಾಲಿಟ್ಟ.

"ಇಳಿತಿಯೇನವ್ವಾ? ಪಾಪ, ನಿನ್ ಗಂಡ ಕಾಯಾಕತ್ಯಾನ."

ಮಡಿಲಲ್ಲಿದ್ದ ಫೋನು ಬಡಿದುಕೊಳ್ಳುತ್ತಿತ್ತು. ಮಾರೇಶನದೇ.

"ಬ್ಯಾಡಣ್ಣಾ. ಸಾಲಿ ಮುಂದ ಬಿಡ್ರಿ. ಜಲ್ದಿ."

ಬಂಕು ಹಿಂದೆ ಸರಿಯಿತು. ತಿರುವಿನಲ್ಲಿ ಬಾಟಲಿ ಜಾರಿ ಕಾಲ ಬಳಿಯ ಕೆಂಪು ಧೂಳಿನಲ್ಲಿ ಬಿದ್ದು, ಅತ್ತಿಂದಿತ್ತ ಉರುಳತೊಡಗಿತು. ಅನುಸೂಯಾ ಸೆರಗಿನಿಂದ ಫೈಲಿನ ಮೇಲಿನ ಧೂಳು ಒರೆಸಿಕೊಂಡಳು.