ಇ ಮೈನರಿನಲ್ಲಿ ಹೆಣ್ಣೊಪ್ಪಿಸಿದ್ದು

ಮದುವೆ ಗೊತ್ತಾದ ಹುಡುಗಿಗೆ ಅಳುವ ರಾಗ ಕಲಿಸಲು ಹೊರಟವರದ್ದೇ ತಪ್ಪು ಅನ್ನಬೇಕು. ಕಟ್ಟೆಮಳಲವಾಡಿಯ ಕೆಂಪಯ್ಯನ ಮಗಳು ರೂಪಶ್ರೀಗೆ ಆ ದಿನಗಳಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೀಚನಹಳ್ಳಿಯ ಅಣೆಕಟ್ಟೆಯಲ್ಲಿ ಕೆಲಸಕ್ಕಿದ್ದ ಸಾಗರನನ್ನು ಅವಳು ಮೆಚ್ಚಿದ್ದಳು. ಅಪ್ಪ ಹುಡುಕಿಕೊಂಡು ಬಂದ ಗಂಡೂ ಅವನೇ ಆಗಿದ್ದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಬರುವ ತಿಂಗಳು ಧಾರೆ. ಹಸುವಿಗೆ ಹುಲ್ಲು ಹಾಕುವಾಗಲೂ ನಗು, ಹಲ್ಲುಜ್ಜುವಾಗಲೂ ನಗು. ಒಂದು ದಿನ ಹುಣಸೂರು ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳುವಾಗಲೂ ನಕ್ಕಳು, ಕಂಡಕ್ಟರು ತನ್ನ ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಂಡ.

ಇಂಥವಳ ಮುಂದೆ ಪಿಯಾನೊ ಪರೀಕ್ಷೆ ಬಂದು ಕೂತಿತ್ತು. ಅದು ಪಾಸಾದರೆ ಎಚ್.ಡಿ. ಕೋಟೆಯ ಶಾಲೆಯೊಂದರಲ್ಲಿ ಸಂಗೀತದ ಟೀಚರ್ ಕೆಲಸ. ಗಂಡನ ಮನೆಯಿಂದ ದಿನಾ ಹೋಗಿ ಬರಬಹುದು. ಒಮ್ಮೆ ಆಗಲೇ ಫೇಲಾಗಿದ್ದಳು. ಈ ಸಲವೂ ಆದರೆ ಕೆಲಸ ಬೇರೆಯವರಿಗೆ ಅಂತ ಶಾಲೆಯವರು ಹೇಳಿಬಿಟ್ಟಿದ್ದರು.

ಹುಣಸೂರಿನ ಮೂರ್ತಿ ಮೇಷ್ಟ್ರು ಹೇಳಿಕೊಟ್ಟಿದ್ದು ಒಂದು ಹಳೇ ಜರ್ಮನ್ ತುಣುಕು. ನೂರೈವತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ತಾಯಿಯನ್ನು ಕಳೆದುಕೊಂಡು ಬರೆದದ್ದಂತೆ. ಅದನ್ನು ರೂಪಶ್ರೀ ನುಡಿಸಿ ಮುಗಿಸಿದಾಗ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ನೋಡಮ್ಮ, ಮೇಲೆ ಏನು ಬರೆದಿದಾನೆ? ನಿಧಾನ, ಭಾರವಾಗಿ ಅಂತ. ಸ್ಕೇಲು ಇ ಮೈನರ್, ಮೋಡ ಕವಿದ ಹಾಗೆ ಇರಬೇಕು. ಭಾವ ಶೋಕ. ನಿನ್ನದು ಒಂದು ಸ್ವರವೂ ತಪ್ಪಿಲ್ಲ. ಆದರೆ ಹೆಣ ಹೊತ್ತವರು ಓಡ್ತಾ ಇದ್ದಾರೆ."

ಅದಕ್ಕೂ ಅವಳು ನಕ್ಕಳು. ಏನು ಮಾಡುವುದು, ಬೆರಳುಗಳೂ ನಗುತ್ತಿದ್ದವು.

ಆದರೂ ಹೆದರಿಕೆ ಇತ್ತು. ಮನೆಗೆ ಬಂದು, ಕೀಬೋರ್ಡಿನ ಮುಂದೆ ಕೂತು, ಹಲ್ಲು ಕಚ್ಚಿ ನಿಧಾನವಾಗಿ ನುಡಿಸತೊಡಗಿದಳು. ನಾಲ್ಕು ಸಾಲು ಆಗಿರಲಿಲ್ಲ, ಅಜ್ಜಿ ಸಾಕಮ್ಮ ಒಳಗಿಂದ ಓಡಿ ಬಂದು ಅವಳ ಕೈ ಹಿಡಿದಳು. ಸಾಕಮ್ಮ ಸಾಮಾನ್ಯಳಲ್ಲ, ಸುತ್ತಮುತ್ತಲ ಮದುವೆಗಳಲ್ಲಿ ಸೋಬಾನೆ ಎತ್ತಿಕೊಡುವವಳು ಅವಳೇ.

"ನಿಲ್ಸವ್ವ. ಇದು ಎಣ್ಣೊಪ್ಸೋ ಪದದ ದಾಟಿ ಕಣೆ. ಧಾರೆ ಆಗ್ದೆ ಇದುನ್ನ ಮನೇಲಿ ಎತ್ಬಾರ್ದು. ಒಪ್ಸೋ ಪದ ಎತ್ತುದ್ಮೇಲೆ ಎಣ್ಣ ಒಪ್ಸಲೇಬೇಕು, ಇಲ್ದಿದ್ರೆ ಒಳ್ಳೇದಾಗಕಿಲ್ಲ."

"ಅಜ್ಜಿ, ಇದು ಜರ್ಮನಿಯವ್ರು ಬರ್ದಿರೋದು."

"ಅವ್ರೂ ಎಣ್ ಕೊಟ್ಟಿರ್ತಾರೆ ಬುಡು."

ಏನನ್ನುತ್ತಾಳೋ ನೋಡೋಣವೆಂದು ರೂಪಶ್ರೀ ವೇಗ ಹೆಚ್ಚಿಸಿ ನುಡಿಸಿದಳು. ಅಜ್ಜಿಯ ಮುಖ ಅರಳಿತು. "ಆಂ, ಇಂಗ್ ನುಡ್ಸು. ಇದು ಗಂಡಿನ್ ದಿಬ್ಬಣ ಬಂದಂಗದೆ." ನಿಧಾನವಾದರೆ ಅಜ್ಜಿ ಬಿಡಳು, ಜೋರಾದರೆ ಮೇಷ್ಟ್ರು ಬಿಡರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕದ್ದು ನುಡಿಸಿದರೆ, ಅಜ್ಜಿ ಎದುರಿಗೇ ಕೂತು ಬೆರಳು ನೋಡಿ ಹಿಡಿದಳು. ಅತ್ತ ದರಿ, ಇತ್ತ ಪುಲಿ.

ಪರೀಕ್ಷೆ ಹತ್ತಿರ ಬಂದಾಗ ರೂಪಶ್ರೀ ಅಜ್ಜಿಯ ಪಕ್ಕ ಕೂತು ಹೇಳಿದಳು, "ಫೇಲಾದ್ರೆ ಕೆಲ್ಸ ಓಯ್ತದೆ ಅಜ್ಜಿ. ನಂಗೆ ಆ ಕೆಲ್ಸ ಬೇಕು." ಸಾಕಮ್ಮ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಬಹಳ ಹೊತ್ತು ಯೋಚಿಸಿದಳು. ಆಮೇಲೆ ಸೆರಗು ಕೊಡವಿ ಎದ್ದಳು.

"ಪದುಕ್ಕೆ ಶಾಸ್ತ್ರ ಬೇಕು ತಾನೆ? ಮಾಡ್ಬುಡಾನ. ನಿನ್ನ ಆ ಪೆಟ್ಗೆಗೇ ಒಪ್ಸಾನ. ಆಮ್ಯಾಕೆ ಎಷ್ಟ್ ನಿಧಾನುಕ್ಕಾರ ನುಡ್ಸು, ದೋಸ ಇಲ್ಲ."

ಹೀಗೆ ಕೆಂಪಯ್ಯನ ಹಟ್ಟಿಯಲ್ಲಿ ಹಾಡುಹಗಲೇ ಕೀಬೋರ್ಡಿಗೆ ಅರಿಶಿನ ಕುಂಕುಮ ಏರಿತು. ಮಲ್ಲಿಗೆಯ ತುಂಡೂ ಬಿತ್ತು. ಅವ್ವ ಸುನಂದಮ್ಮ ಬಟ್ಟಲಲ್ಲಿ ಹಾಲು ತಂದಳು, ತಂದವಳೇ ಅನುಮಾನಿಸಿದಳು. "ಕರೆಂಟ್ ಒಡೀತದೆ ಕಣತ್ತೆ, ಕೈ ಒರುಸ್ಬುಟ್ಟು ಇಡ್ಸಿ."

ಸದ್ದು ಕೇಳಿ ಪಕ್ಕದ ಮನೆಯ ಮಂಗಳಮ್ಮ ಇಣುಕಿದಳು. "ಒಪ್ಸೋ ಶಾಸ್ತ್ರವಾ? ಗಂಡೆಲ್ಲಿ?"

"ಇಲ್ಲೇ ಮಲ್ಗವ್ನಲ್ಲ," ಎಂದು ಸಾಕಮ್ಮ ಕೀಬೋರ್ಡು ತೋರಿಸಿದಳು. "ಅಲ್ಲು ಒಸಿ ಜಾಸ್ತಿ, ಅರ್ಧ ಕರ್ರಗೆ ಉಳ್ತೋಗವೆ. ಆದ್ರೆ ಮಾತು ನಯ."

ರೂಪಶ್ರೀ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಿದಳು. ಮಂಗಳಮ್ಮ ನಗುತ್ತಾ ಬಾಗಿಲಲ್ಲೇ ಕುಸಿದು ಕೂತಳು.

ಹೊಗೆಸೊಪ್ಪು ಬೇಯಿಸುವ ಮನೆಯಲ್ಲಿ ಸೊಪ್ಪಿನ ಕಡ್ಡಿ ಏರಿಸುತ್ತಿದ್ದ ಕೆಂಪಯ್ಯನನ್ನು ಕರೆಸಿದರು. ಅಪ್ಪನಿಲ್ಲದೆ ಒಪ್ಪಿಸುವುದುಂಟೆ? ಅಂಟಾದ ಕೈ ತೊಳೆದು ಬಂದ, ಮೀಸೆಯೊಳಗೇ ನಗುತ್ತಿದ್ದ. ಹಾಲಲ್ಲಿ ಅದ್ದಿ ಒರೆಸಿದ ಮಗಳ ಕೈಗಳನ್ನು ಹಿಡಿದು ಕೀಬೋರ್ಡಿನ ಬಿಳಿ ಮನೆಗಳ ಮೇಲಿಟ್ಟ. ಒಪ್ಪಿಸುವ ಮಾತು ಅವನೇ ಹೇಳಬೇಕಿತ್ತು.

"ಇಗಳಪ್ಪ, ನನ್ ಮಗ್ಳು. ಒಬ್ಳೇ ಮಗ್ಳು. ಗದರ್ದೆ ಸಾಕಿವ್ನಿ. ತಪ್ ಮಾಡುದ್ರೆ ನೀವೇ ತಿದ್ಕಳಿ. ಅವ್ಳಿಗೆ ಬಿಸಿ ಅನ್ನ ಆಗಕಿಲ್ಲ, ಒಸಿ ಆರುಸ್ಬುಟ್ಟು..."

ಅಲ್ಲಿಗೆ ಮಾತು ನಿಂತಿತು. ಚೆನ್ನಾಗಿ ಆಟ ಕಟ್ಟುತ್ತಿದ್ದಾನೆ ಎಂದು ಮಂಗಳಮ್ಮ ಚಪ್ಪಾಳೆ ತಟ್ಟಿದಳು. ರೂಪಶ್ರೀ ನಗುತ್ತಲೇ ತಲೆ ಎತ್ತಿದಳು. ಅಪ್ಪನ ಗಲ್ಲ ಅದುರುತ್ತಿತ್ತು. ಅವನು ಅವಳ ಕೈ ಬಿಟ್ಟು, ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡು, ಹೊಸ್ತಿಲ ಮೇಲೆ ಬೆನ್ನು ಮಾಡಿ ಕೂತುಬಿಟ್ಟ.

ಬರುವ ತಿಂಗಳು ಈ ಮನೆಯಿಂದ ತಾನು ಹೊರಡುತ್ತೇನೆ ಎಂಬುದು ರೂಪಶ್ರೀಗೆ ಆಗ ಹೊಳೆಯಿತು. ಸಾಗರನ ಕಡೆಗೆ ಹೋಗುವುದನ್ನಷ್ಟೇ ಅವಳು ಇಷ್ಟು ದಿನ ಎಣಿಸಿದ್ದಳು. ಸಂತೋಷವೇನೂ ಕಡಿಮೆಯಾಗಲಿಲ್ಲ, ಆದರೆ ನಗು ನಿಂತಿತು. ಕೀಬೋರ್ಡಿನ ಕಡೆ ತಿರುಗಿ ನುಡಿಸತೊಡಗಿದಳು. ಬೆರಳಿಗೆ ಯಾವ ಅವಸರವೂ ಇರಲಿಲ್ಲ. ಒಂದು ಸ್ವರ ಪೂರ್ತಿ ಆರಿದ ಮೇಲೆ ಇನ್ನೊಂದು ಬಂತು. ಅಜ್ಜಿ ಸಣ್ಣ ದನಿಯಲ್ಲಿ ತನ್ನ ಪದ ಸೇರಿಸಿದಳು, ಎರಡೂ ಹೊಂದಿಕೊಂಡವು. ಸುನಂದಮ್ಮ ಹಾಲಿನ ಬಟ್ಟಲು ಹಿಡಿದೇ ನಿಂತಿದ್ದಳು.

ಕೊನೆಯ ಸಾಲು ಬಂತು. ಕೆಂಪಯ್ಯ ತಿರುಗಿ ನೋಡದೆ, ಬಾಗಿಲ ಕಡೆಗೇ ಮುಖ ಮಾಡಿ ಹೇಳಿದ.

"ಅಷ್ಟ್ ಬ್ಯಾಗ ಮುಗುಸ್ಬ್ಯಾಡ ಕಣವ್ವ. ಇನ್ನೂ ಒಸಿ ನಿಧಾನುಕ್ಕೆ ನುಡ್ಸು."

ರೂಪಶ್ರೀ ಮತ್ತೆ ಮೊದಲಿನಿಂದ ಶುರು ಮಾಡಿದಳು, ಮೇಷ್ಟ್ರು ಹೇಳಿದ್ದಕ್ಕಿಂತಲೂ ನಿಧಾನವಾಗಿ.