ವಾರ್ನಿಶ್ ಹಚ್ಚಿದ ಸ್ಕ್ರೂ

ಕಿವಿ ಮಾಮನಿಗೆ ಕಿವಿ ಮಂದವಾಗಿದೆ ಎಂಬ ಮಾತು ಮೊದಲು ಹುಟ್ಟಿದ್ದು ಗುಡ್ಡದ ಆಚೆ. ಈಚೆ ಹಾಗೆ ಹೇಳುವ ಎದೆಗಾರಿಕೆ ಯಾರಿಗಿತ್ತು? ನಲವತ್ತು ವರ್ಷ ಮೋಟಾರ್ ರಿಪೇರಿ ಮಾಡಿದವರು ಅವರು. ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಮೋಟಾರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಯಾವ ಬೇರಿಂಗು ಎಷ್ಟು ತಿಂಗಳಲ್ಲಿ ಕೈಕೊಡುತ್ತದೆ ಎಂದು ಹೇಳಿಬಿಡುತ್ತಿದ್ದರು. ಆ ಹೆಸರು ಬಂದದ್ದೇ ಹಾಗೆ.

ಅವರ ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮಾವ ಕಿವಿಯನ್ನು ನಂಬಿದರೆ ಇವಳು ಮೀಟರಿನ ಮುಳ್ಳನ್ನು ನಂಬುವವಳು. ಮುಚ್ಚಿದ ಡಬ್ಬಿ ಕಂಡರೆ ಬಿಚ್ಚಿ ನೋಡದೆ ಇವಳಿಗೆ ಅನ್ನ ಸೇರದು. ಹವ್ಯಾಸಿ ರೇಡಿಯೋದ ಹುಚ್ಚು ಹಿಡಿಸಿದ್ದು ಮಾವನೇ. ‘ಮೀಟರಮ್ಮ’ ಎಂದು ಅಡ್ಡಹೆಸರು ಇಟ್ಟವರೂ ಅವರೇ.

ಗುಡ್ಡದ ಎರಡೂ ಬದಿ ಸೇರಿ ರೇಡಿಯೋ ಬಳಗದಲ್ಲಿ ಮೂವತ್ತು ಜನ. ಆಚೆಗೊಂದು, ಈಚೆಗೊಂದು ರಿಪೀಟರ್. ಕೈಯಲ್ಲಿ ಹಿಡಿವ ಪುಟ್ಟ ರೇಡಿಯೋದ ದನಿಯನ್ನು ಕೇಳಿಸಿಕೊಂಡು, ಎತ್ತರದಿಂದ ಮತ್ತೆ ಗಟ್ಟಿಯಾಗಿ ಹೇಳುವುದಷ್ಟೇ ಆ ಯಂತ್ರದ ಕೆಲಸ. ಎರಡಕ್ಕೂ ನಡುವೆ ಒಂದು ಲಿಂಕ್. ಆಚೆ ಆಡಿದ ಮಾತು ಅದರ ಮೂಲಕ ಈಚೆ ಬರಬೇಕು, ಈಚೆಯದು ಆಚೆ ಹೋಗಬೇಕು. ಭಾನುವಾರ ಬೆಳಿಗ್ಗೆ ಒಬ್ಬೊಬ್ಬರ ನಂಬರ್ ಕೂಗಿ ಹಾಜರಿ ತೆಗೆದುಕೊಳ್ಳುವ ಮೈಕು ಇಪ್ಪತ್ತೆರಡು ವರ್ಷದಿಂದ ಮಾಮನದು.

ಈಗ ಆ ಮೈಕಿಗೇ ಕುತ್ತು ಬಂದಿತ್ತು. ಮೂರು ಭಾನುವಾರ ಸಾಲಾಗಿ, ಆಚೆಯ ಬೇಕರಿ ಅಕ್ಕ ‘ಏಳನೇ ನಂಬರ್, ಹಾಜರ್’ ಎಂದು ಗಂಟಲು ಹರಿದುಕೊಂಡರೂ ಮಾಮ ಗೈರುಹಾಜರಿ ಹಾಕಿದರು. ಬರುವ ಭಾನುವಾರದಿಂದ ಬೇರೆಯವರು ಮೈಕು ಹಿಡಿಯಲಿ ಎಂದು ಆಚೆಯವರು ಮೆಲ್ಲಗೆ ಸೂಚಿಸಿದರು. ಲಿಂಕಿನ ದೋಷ ಅದು ಎಂದು ಮಾಮ ವಾದಿಸಿದರೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಯಾರೋ ಗೊಣಗಿದರು. ಹಾಳಾದ್ದು, ಅದೊಂದು ಮಾತ್ರ ಮಾಮನಿಗೆ ಸ್ಪಷ್ಟವಾಗಿ ಕೇಳಿಸಿತು.

ಶನಿವಾರ ಮಧ್ಯಾಹ್ನ ಅವರು ಸೊಸೆಯನ್ನು ಕರೆದರು. ಒಂದೆರಡು ತಿಂಗಳಿಂದ ಮಂಡಿ ನೋವಾಗಿ, ರಿಪೀಟರ್ ಇದ್ದ ಕಡೆಗೆ ಮೆಟ್ಟಿಲು ಹತ್ತುವುದು ಅವರಿಂದ ಆಗುತ್ತಿರಲಿಲ್ಲ.

“ನಿನ್ನ ಮೀಟರ್ ತಗೊಂಡು ಹೋಗಿ ನೋಡಮ್ಮ. ಅದು ನನ್ನ ಕಿವೀದೇ ತಪ್ಪು ಅಂದ್ರೆ, ಮೈಕು ನಾಳೇನೇ ಕೊಟ್ಬಿಡ್ತೀನಿ.”

ಶೀತಲಗೃಹದ ಕಟ್ಟಡದ ಐದು ಮಹಡಿ ಮೆಟ್ಟಿಲಲ್ಲೇ ಏರಿ, ಸರಕಿನ ಲಿಫ್ಟಿನ ಯಂತ್ರವಿದ್ದ ಕೋಣೆಯ ಬೀಗ ತೆಗೆಯುವಷ್ಟರಲ್ಲಿ ಅವಳಿಗೆ ಏದುಸಿರು. ಮೂಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ರಿಪೀಟರಿನ ಫ್ಯಾನು ಗುಂಯ್‌ಗುಟ್ಟುತ್ತಿತ್ತು. ಮೊದಲು ತನ್ನ ಕೈರೇಡಿಯೋದಿಂದ ಒಂದೇ ಸಮನಾದ ಸೀಟಿಯ ಸದ್ದು ಕಳಿಸಿದಳು. ಮೀಟರಿನ ಮುಳ್ಳು ಮೂರಕ್ಕೆ ನಿಂತಿತು. ಇರಬೇಕಾದದ್ದೇ ಅಷ್ಟು. ಆಮೇಲೆ ಬೇಕರಿ ಅಕ್ಕನಿಗೆ ಫೋನ್ ಮಾಡಿ ಆಚೆಯಿಂದ ಅಂಥದೇ ಸೀಟಿ ಕಳಿಸಲು ಹೇಳಿದಳು. ಮುಳ್ಳು ಒಂದರ ಹತ್ತಿರ ಹೋಗಿ ಸುಸ್ತಾಗಿ ಕೂತಿತು.

ಹಾಗಾದರೆ ಮಾವ ಹೇಳಿದ್ದೇ ಸರಿ! ಅವಳಿಗೆ ಕುಣಿದಾಡುವಷ್ಟು ಖುಷಿಯಾಯಿತು. ಆದರೆ ಕಡಿಮೆಯಾಗುತ್ತಿರುವುದು ಎಲ್ಲಿ? ತಿಳಿಯದೆ ಕೆಳಗಿಳಿಯುವ ಜಾತಿಯೇ ಅಲ್ಲ ಅವಳು. ಕೇಬಲ್ಲು ಅಲುಗಿಸಿದಳು, ಬ್ಯಾಟರಿ ಅಳೆದಳು. ಎಲ್ಲ ಸರಿ ಇತ್ತು. ಲಿಂಕಿನ ರೇಡಿಯೋದಿಂದ ಹೊರಬರುವಾಗ ದನಿ ಪೂರ್ತಿ ಇತ್ತು. ಪಕ್ಕದ ಚಿಕ್ಕ ಬೋರ್ಡಿನಲ್ಲಿ ದನಿ ಏರಿಸಿ ಇಳಿಸುವ, ಅಕ್ಕಿಕಾಳಿನಷ್ಟು ಪುಟ್ಟ ಸ್ಕ್ರೂ ಒಂದಿದೆ. ಅದನ್ನು ದಾಟಿದ ಮೇಲೆ ಮೂರನೇ ಒಂದು ಭಾಗವಷ್ಟೇ ಉಳಿಯುತ್ತಿತ್ತು.

ಸ್ಕ್ರೂ ಸರಿಹೊಂದಿಸಿದ ಮೇಲೆ ಅಲುಗದಿರಲೆಂದು ಅದರ ತಲೆಗೆ ಒಂದು ಹನಿ ಉಗುರುಬಣ್ಣ ಹಚ್ಚುವುದು ಬಳಗದ ಪದ್ಧತಿ. ಕಳೆದ ವರ್ಷ ಮಾವ ದನಿಯ ಲೆವೆಲ್ಲು ಇಟ್ಟ ಮೇಲೆ ತನ್ನ ಕೆಂಪು ಬಣ್ಣವನ್ನು ಇವಳೇ ಹಚ್ಚಿದ್ದಳು. ಈಗ ಆ ಕೆಂಪು ಒಡೆದಿತ್ತು. ಅದರ ಮೇಲೆ ಜೇನಿನ ಬಣ್ಣದ ಇನ್ನೊಂದು ಹನಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದು ಮೂಸಿದಳು. ಮೋಟಾರಿನ ತಂತಿ ಸುತ್ತಿದ ಮೇಲೆ ಬಳಿಯುವ ವಾರ್ನಿಶ್! ಆ ವಾಸನೆ ಅವಳ ಮನೆಯ ಹಿತ್ತಿಲಲ್ಲಿ ಮಾವ ಮೋಟಾರ್ ಬಿಚ್ಚುವ ಶೆಡ್ಡಿನದು.

ಕಿವಿ ಮಂದವಾದವರು ದನಿ ಏರಿಸಬೇಕಲ್ಲವೇ? ಇಳಿಸಿದ್ದೇಕೆ?

ಕೋಣೆಯ ದಾಖಲೆ ಪುಸ್ತಕ ತೆರೆದಳು. ಮೂರು ತಿಂಗಳ ಹಿಂದಿನ ತಾರೀಕಿಗೆ ಮಾವನ ಗುಂಡಗಿನ ಅಕ್ಷರ: ‘ಆಚೆಯ ಸೀಟಿ ಕಿವಿ ಚುಚ್ಚುತ್ತಿದೆ. ಇಳಿಸಿದೆ.’ ಪಕ್ಕದಲ್ಲಿ, ಕೈತಪ್ಪಿ ಅಂಟಿಕೊಂಡಂತೆ, ಒಂದು ಚೂರು ಕಿತ್ತಳೆ ಸ್ಟಿಕ್ಕರ್. ಅಂಥದನ್ನು ಅವಳು ದಿನಾ ನೋಡುತ್ತಿದ್ದಳು. ಲ್ಯಾಬಿನ ಹಿರಿಯ ಗುಮಾಸ್ತರು ಕಿವಿ ಕೇಳಿಸುವ ಮಿಷನ್ನಿಗೆ ಹೊಸ ಬ್ಯಾಟರಿ ಹಾಕುವಾಗ ಬ್ಯಾಟರಿಯ ಮೇಲಿಂದ ಕಿತ್ತು ಮೇಜಿಗೆ ಅಂಟಿಸುತ್ತಿದ್ದುದು ಇಂಥದನ್ನೇ.

ಆ ವಾರ ನೆನಪಾಯಿತು. ಮಾವ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬರುತ್ತೇನೆಂದು ಒಬ್ಬರೇ ಹೋಗಿದ್ದರು. ಬಂದವರು ಕಿವಿ ಮುಚ್ಚುವಂತೆ ಉಣ್ಣೆಯ ಟೋಪಿ ಹಾಕಿಕೊಂಡೇ ಇದ್ದರು. ನಲ್ಲಿ ತೊಟ್ಟಿಕ್ಕುತ್ತಿದೆ, ಪಾತ್ರೆ ಮೆಲ್ಲಗೆ ಇಡಿ ಎಂದು ನಾಲ್ಕು ದಿನ ಅತ್ತೆಯ ಪ್ರಾಣ ತಿಂದಿದ್ದರು. ಐದನೇ ದಿನ ಟೋಪಿಯೂ ಹೋಯಿತು, ತಕರಾರೂ ನಿಂತಿತು. ಆ ನಾಲ್ಕು ದಿನಗಳಲ್ಲೇ ಅವರು ಇಲ್ಲಿಗೆ ಬಂದದ್ದು. ಹೊಸ ಮಿಷನ್ನಿನಲ್ಲಿ ಆ ಸಣ್ಣ ಸೀಟಿ ಸೂಜಿಯ ಹಾಗೆ ಚುಚ್ಚಿರಬೇಕು.

ಈಚೆಯ ಹದಿನೈದು ಜನಕ್ಕೂ ಮೂರು ತಿಂಗಳು ಆಚೆಯ ದನಿ ಬಾವಿಯೊಳಗಿನಿಂದ ಬಂದಂತೆ ಕೇಳಿಸಿರಬೇಕು. ಯಾರೂ ತುಟಿ ಬಿಚ್ಚಿರಲಿಲ್ಲ. ಅಷ್ಟೇಕೆ, ತನ್ನ ಕೈರೇಡಿಯೋದ ಬ್ಯಾಟರಿ ಹಳೆಯದಾಯಿತೆಂದು ಇವಳೂ ಸುಮ್ಮನಿದ್ದಳು. ಕಿವಿ ಮಾಮ ಇಟ್ಟ ಲೆವೆಲ್ಲು ತಪ್ಪಾಗುವುದುಂಟೇ? ಮೀಟರಮ್ಮನಿಗೆ ನಾಚಿಕೆಯಾಯಿತು.

ವಾರ್ನಿಶ್ ಕೆರೆದು, ಮುಳ್ಳು ಮೂರಕ್ಕೆ ಬರುವವರೆಗೆ ಸ್ಕ್ರೂ ತಿರುಗಿಸಿ ಉಗುರುಬಣ್ಣ ಹಚ್ಚಿದಳು. ‘ಲಿಂಕಿನ ದನಿ ಒಂದು ಇತ್ತು, ಮೂರು ಮಾಡಿದೆ’ ಎಂದು ಬರೆದಳು. ‘ಕಾರಣ’ ಎಂಬಲ್ಲಿ ಪೆನ್ನು ನಿಂತಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಲಿಂಕಿನ ದೋಷ ಎಂದಷ್ಟೇ ಬರೆದರೆ ಮೈಕು ಉಳಿಯುತ್ತದೆ, ಮಿಷನ್ನು ಪೆಟ್ಟಿಗೆಯಲ್ಲೇ ಕೊಳೆಯುತ್ತದೆ. ಜಾಗ ಖಾಲಿ ಬಿಟ್ಟು ಪುಸ್ತಕವನ್ನು ಮನೆಗೆ ತಂದಳು.

ಓದಿದ ಮಾವನ ಮುಖ ಅರಳಿತು. ಹೆಂಡತಿಯನ್ನು ಕರೆದು, ಲಿಂಕೇ ಕೆಟ್ಟಿತ್ತು ಎಂದು ಎರಡೆರಡು ಸಲ ಹೇಳಿದರು. ಆಮೇಲೆ ಅವರ ಬೆರಳು ಖಾಲಿ ಜಾಗಕ್ಕೆ ಬಂತು.

“ಇದ್ಯಾಕೆ ಬಿಟ್ಟೆ?”

“ಆ ಸ್ಕ್ರೂ ಮೇಲೆ ವಾರ್ನಿಶ್ ಇತ್ತು ಮಾವ. ಕಾರಣ ನೀವೇ ಬರೀಬೇಕು.”

ಮಾವ ಹಾಳೆ ಹಿಂದಕ್ಕೆ ತಿರುವಿ ತಮ್ಮದೇ ಅಕ್ಷರವನ್ನೂ ಕಿತ್ತಳೆ ಚೂರನ್ನೂ ನೋಡಿದರು. ಪುಸ್ತಕ ಮುಚ್ಚಿ ಎದ್ದು ಕೋಣೆಗೆ ಹೋಗಿಬಿಟ್ಟರು. ಹಿರಿಯರನ್ನು ನೋಯಿಸಿಬಿಟ್ಟೆನಲ್ಲ ಎಂದು ಅವಳು ರಾತ್ರಿ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಭಾನುವಾರ ಬೆಳಿಗ್ಗೆ ಮಾವ ರೇಡಿಯೋದ ಮುಂದೆ ಕೂತಿದ್ದರು. ಟೋಪಿ ಇರಲಿಲ್ಲ. ಕಿವಿಯ ಹಿಂದೆ ಮಿಷನ್ನು ಎಲ್ಲರಿಗೂ ಕಾಣುವಂತಿತ್ತು. ಅತ್ತೆ ಪಾತ್ರೆಯನ್ನು ಮೆಲ್ಲಗೆ ಇಟ್ಟರು.

“ಹಾಜರಿಗೆ ಮುಂಚೆ ಒಂದು ಮಾತು,” ಎಂದರು ಮಾವ ಮೈಕಿನಲ್ಲಿ. “ಆಚೆಯವರ ದನಿ ಮೂರು ತಿಂಗಳಿಂದ ಈಚೆ ಸಣ್ಣಗೆ ಬರ್ತಿತ್ತು. ಇಳಿಸಿದ್ದು ನಾನೇ, ಅದನ್ನ ಮರೆತೇಬಿಟ್ಟಿದ್ದೆ. ಕಿವಿಗೆ ಹೊಸ ಮಿಷನ್ ಹಾಕ್ಕೊಂಡು ಹೋಗಿದ್ದೆ, ಜೋರು ಅನ್ನಿಸ್ತು. ಆಮೇಲೆ ನಾಚಿಕೆಯಾಗಿ ಮಿಷನ್ ತೆಗೆದಿಟ್ಟೆ. ಲಿಂಕೂ ಕೆಟ್ಟಿತ್ತು, ನನ್ನ ಕಿವೀನೂ ಕೆಟ್ಟಿದೆ. ಮೈಕು ಯಾರಿಗೆ ಕೊಡ್ಲಿ, ಹೇಳಿ.”

ಬಾಗಿಲಲ್ಲಿದ್ದ ಸೊಸೆ ಒಳಗೆ ಬಂದು ರೇಡಿಯೋದ ಹತ್ತಿರ ನಿಂತಳು.

ಮೊದಲು ಮಾತಾಡಿದ್ದು ಈಚೆಯ ಟ್ಯಾಕ್ಸಿ ಚಾಲಕ. ಆಚೆಯ ದನಿ ಕೇಳಿಸದೆ ನಾನೂ ಕಿವಿ ಡಾಕ್ಟರಿಗೆ ತೋರಿಸಿಕೊಂಡು ಬಂದೆ, ಏನೂ ಆಗಿಲ್ಲ ಅಂದರು ಎಂದ. ಇನ್ನೊಬ್ಬರು ಎರಡು ಸ್ಪೀಕರ್ ಬದಲಾಯಿಸಿದ್ದರಂತೆ. ಮತ್ತೆ ಯಾಕ್ರಪ್ಪ ಹೇಳ್ಲಿಲ್ಲ ಎಂದು ಮಾವ ಕೇಳಿದರೆ, ಲೆವೆಲ್ಲು ಇಟ್ಟವರು ನೀವಲ್ಲವೇ ಎಂದರು.

ಅಷ್ಟರಲ್ಲಿ ಗುಡ್ಡದ ಆಚೆಯಿಂದ, ಪಕ್ಕದ ಕೋಣೆಯಲ್ಲೇ ನಿಂತು ಮಾತಾಡಿದಷ್ಟು ಗಟ್ಟಿಯಾಗಿ, ದನಿಯೊಂದು ಬಂತು.

“ಏಳನೇ ನಂಬರ್, ಹಾಜರ್. ಮಾಮ, ಮುಂದಿನ ನಂಬರ್ ಬೇಗ ಕೂಗಿ. ಒಲೇಲಿ ಬ್ರೆಡ್ ಇದೆ.”

ಮಾವ ಕಣ್ಣೊರೆಸಿಕೊಂಡರು. ಏಳರ ಮುಂದೆ ಗುರುತು ಹಾಕಿ, ಒಂದರಿಂದ ಆರನ್ನು ಬಿಟ್ಟದ್ದೂ ನೆನಪಾಗದೆ, ಎಂಟನೇ ನಂಬರ್ ಕೂಗಿದರು.