ಕುಂಕುಮ ಕುಡಿದ ತಂತಿ

ನಾನು ತಾಮ್ರದ ಜೋಡಿ ಎಳೆ. ಟೆಲಿಫೋನ್ ತಂತಿ ಎಂದರೆ ನಿಮಗೆ ಬೇಗ ತಿಳಿದೀತು. ಕಾರ್ಖಾನೆಯಲ್ಲಿ ಸಾವಿರ ಮಾರು ಉದ್ದ ಹುಟ್ಟಿದವನು, ಗದಗಿನ ವಿರೂಪಣ್ಣನ ಮನೆ ಸೇರುವಷ್ಟರಲ್ಲಿ ಎಂಟು ಮಾರು ಉಳಿದಿದ್ದೆ. ಕಂಬದಿಂದ ಬಂದ ಲೈನಿಗೆ ನನ್ನನ್ನು ಗೋಡೆಯ ಡಬ್ಬಿಯೊಳಗೆ ತಿರುಚಿ ಗಂಟು ಹಾಕಿದರು. ಅಂದಿನಿಂದ ಗೋಡೆಯೇ ಗತಿ.

ಫೋನು ಬಡಿದುಕೊಂಡರೆ ಎಲ್ಲರೂ ಓಡಿ ಬರುತ್ತಿದ್ದರು, ನನ್ನತ್ತ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ನೋಡಿದವಳು ವಿರೂಪಣ್ಣನ ತಂಗಿ ಕಸ್ತೂರಿ ಒಬ್ಬಳೇ. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಫೋನು ಅವಳ ಯಾವ ಉಪಯೋಗಕ್ಕೂ ಇಲ್ಲ. ಆದರೂ ಪ್ರತಿ ಆಯುಧಪೂಜೆಗೆ ಹೊಲಿಗೆ ಯಂತ್ರದ ಪೂಜೆ ಮುಗಿಸಿ, ನನ್ನ ಡಬ್ಬಿಗೂ ನೀರು ಚಿಮುಕಿಸಿ, ಕಲಸಿದ ಕುಂಕುಮ ಹಚ್ಚುತ್ತಿದ್ದಳು. ಉಳಿದ ದಿನಗಳನ್ನು ಆ ಬೆರಳು ನೆನೆದು ಕಳೆಯುತ್ತಿದ್ದೆ.

ಮೊಬೈಲ್ ಬಂದು ಫೋನು ಮೂಲೆ ಸೇರಿತು. ನನ್ನ ಕಥೆಯೂ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ನನ್ನ ತುದಿಗೆ ಇಂಟರ್ನೆಟ್ಟಿನ ಮೋಡೆಮ್ ಸಿಕ್ಕಿಸಿದರು. ಕಸ್ತೂರಿ ಕಂಪ್ಯೂಟರಿನ ಮುಂದೆ ಕುಳಿತು, ಕಿವುಡ ಮಕ್ಕಳ ಶಾಲೆಯ ಗೆಳತಿ, ಕಾರವಾರದ ಫಿಲೋಮಿನಾಳ ಜೊತೆ ಕೈಸನ್ನೆಯಲ್ಲಿ ಹರಟತೊಡಗಿದಳು. ಅಬ್ಬಾ, ಅದೇನು ಹರಟೆ! ಇಪ್ಪತ್ತು ವರ್ಷ ಮನೆಮಂದಿಯ ಮಾತನ್ನೆಲ್ಲ ಹೊತ್ತಿದ್ದೆ. ಅವಳ ಮಾತು ಹೊತ್ತದ್ದು ಅದೇ ಮೊದಲು.

ಆ ಸುಖ ಬಹಳ ದಿನ ಉಳಿಯಲಿಲ್ಲ. ಪರದೆಯ ಮೇಲಿನ ಚಿತ್ರ ನಡುನಡುವೆ ನಿಲ್ಲತೊಡಗಿತು. ಎತ್ತಿದ ಕೈ ಎತ್ತಿದಂತೆಯೇ ನಿಂತರೆ ಮಾತು ತಿಳಿಯುವುದು ಹೇಗೆ? ಅತ್ತ ಫಿಲೋಮಿನಾಳ ಕಣ್ಣು ಮಂಜಾಗುತ್ತಿತ್ತು. ವರ್ಷದೊಳಗೆ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕಾಣುವಷ್ಟು ದಿನವಾದರೂ ಮಾತಾಡಬೇಕೆಂದು ಕಸ್ತೂರಿ ದಿನವೂ ಕೂರುತ್ತಿದ್ದಳು, ಕಣ್ಣೊರೆಸಿಕೊಂಡು ಏಳುತ್ತಿದ್ದಳು. ನಾನೆಷ್ಟು ಜೀವ ತೇಯ್ದರೂ ಸಾಗುತ್ತಿರಲಿಲ್ಲ.

ಕೊನೆಗೆ ಲೈನ್‌ಮನ್ ಬುಡನ್‌ಸಾಬ ಬಂದು ಡಬ್ಬಿ ಬಿಚ್ಚಿದ. ಗಂಟಿನ ತುಂಬ ಹಸಿರು ಕಿಲುಬು.

“ಹೊರಗಿನ ಲೈನ್ ಚಲೋ ಐತ್ರಿ ಅಣ್ಣಾರ. ಪೂಜಿ ನೀರು ಒಳಗ ಇಳದು ಗಂಟು ಕೆಟ್ಟೈತಿ, ಅದಕ್ಕ ಸ್ಪೀಡ್ ಸತ್ತೈತಿ. ಈ ವೈರ್ ತಗದ ಬಿಡೂಣು.”

“ಅಯ್ಯ ಶಿವನ! ಅಕಿ ಭಕ್ತೀಲೆ ಮಾಡ್ಯಾಳ್ರಿ ಸಾಬ್ರ,” ಎಂದ ವಿರೂಪಣ್ಣ, ತಂಗಿಗೆ ಸನ್ನೆಯಲ್ಲಿ ತಿಳಿಸಿದ. ಕಸ್ತೂರಿ ತನ್ನ ಬೆರಳನ್ನೇ ನೋಡುತ್ತ ನಿಂತಳು. ಆ ಬೆರಳಿಗೆ ಏನೂ ಅನ್ನಬೇಡಿ, ನನ್ನನ್ನು ಮುಟ್ಟಿದ್ದು ಅದೊಂದೇ ಎಂದು ಕೂಗಬೇಕೆನಿಸಿತು. ಕೂಗಲು ನನಗೂ ಬಾಯಿಲ್ಲ.

ಕಂಬದಿಂದ ಮೋಡೆಮ್‌ವರೆಗೆ ಗಂಟಿಲ್ಲದ ಹೊಸ ತಂತಿ ಎಳೆದರು. ಅಂದು ಸಂಜೆ ಇಬ್ಬರ ಕೈಗಳೂ ಎಲ್ಲೂ ನಿಲ್ಲಲಿಲ್ಲ. ನೆಲದ ಮೇಲೆ ಬಿದ್ದುಕೊಂಡೇ ನೋಡಿದೆ.

ಈಗ ಅಟ್ಟದ ಮೊಳೆಯಲ್ಲಿ ಸುರುಳಿಯಾಗಿ ನೇತಾಡುತ್ತೇನೆ. ಫಿಲೋಮಿನಾಳ ಕಣ್ಣು ಇನ್ನೆಷ್ಟು ಉಳಿದಿದೆಯೋ, ಆ ಸುದ್ದಿ ಈಗ ನನ್ನೊಳಗಿಂದ ಹಾಯುವುದಿಲ್ಲ. ಬಹಳ ಒಂಟಿಯೆನಿಸುತ್ತದೆ. ಮೊನ್ನೆ ಆಯುಧಪೂಜೆಯ ದಿನ ಕಸ್ತೂರಿ ಹೊಸ ತಂತಿಗೆ ಬರೀ ಹೂವಿಟ್ಟಳು. ಆಮೇಲೆ ಏಣಿ ಹತ್ತಿ ಮೇಲೆ ಬಂದಳು. ನೀರು ಚಿಮುಕಿಸಿ, ನನಗೆ ಮೈತುಂಬ ಕುಂಕುಮ ಹಚ್ಚಿದಳು. ಎಷ್ಟು ಬೇಕಾದರೂ ಹಚ್ಚಲಿ, ಇನ್ನು ನನ್ನಿಂದ ಯಾರ ಮಾತೂ ಕಡಿಯುವುದಿಲ್ಲ.